ಬಿಲ್ಲೆಯ ಮುಂದೆ ಉಸಿರು ಬಿಡಬಾರದು

ಜನವರಿ 9

ತಮ್ಮನಿಗೆ,

ಬೈಗುಳ ಮೊದಲು, ಕ್ಷೇಮ ಸಮಾಚಾರ ಆಮೇಲೆ. ಹೋದ ವರ್ಷ ನಾನು ಹನ್ನೊಂದು ಕಾಗದ ಬರೆದೆ. ನೀನು ಬರೆದದ್ದು ಎರಡು. ಅದರಲ್ಲೂ ಒಂದರ ಅರ್ಧ ಪುಟ ನಿಮ್ಮೂರಿನ ತಾಪಮಾನ. ಫೋನ್ ಮಾಡಿದರೆ "ಹೂಂ" ಎನ್ನುತ್ತೀಯ, ಗದರಿದರೆ "ಹೂಂ ಅಕ್ಕ" ಎನ್ನುತ್ತೀಯ. ಬರೀ ಹೂಂ ಎಂದು ಕಾಗದ ಬರೆಯಲು ನಿನಗೂ ನಾಚಿಕೆಯಾದೀತು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಈ ಸಲ ಕೆಲಸವೂ ಇದೆ. ಹೋದ ವಾರ ನಮ್ಮ ಕಾರ್ಖಾನೆಗೆ ತಪಾಸಣೆಯ ಅಧಿಕಾರಿಣಿ ಬಂದಿದ್ದರು. ಕಾರ್ಖಾನೆ ಎಂದರೆ ನಿನಗೆ ಗೊತ್ತಲ್ಲ, ಸಾಲಾಗಿ ಮೂರು ಕೋಣೆ, ಐದು ಜನ. ಮುಂದಿನ ಕೋಣೆಯಲ್ಲಿ, ನಾವು ಊದುಗೊಳವೆ ಎಂದು ಕರೆಯುವವನು ಗಾಜು ಊದುತ್ತಾನೆ. ನಡುವಿನ ಕೋಣೆಯಲ್ಲಿ ಬೆಳ್ಳಿ ಥರ್ಮಾಮೀಟರಿಗೆ ಪಾದರಸ ತುಂಬುತ್ತಾಳೆ. ಅವಳ ತಲೆಯ ಮೇಲೆ ಗಾಳಿ ಹೊರಹಾಕುವ ದೊಡ್ಡ ಫ್ಯಾನು ದಿನವಿಡೀ ಗುರುಗುಟ್ಟುತ್ತದೆ. ಅದೇ ಕೋಣೆಯ ಮೂಲೆಯಲ್ಲಿ ದಶಮಾಂಶ ಕೂತು ಗಾಜಿನ ಮೇಲೆ ಗೆರೆ ಕೊರೆಯುತ್ತಾನೆ. ಆ ಹೆಸರು ಯಾಕೆ ಬಂತೆಂದರೆ, ಟೀ ಎಷ್ಟು ಬೇಕಪ್ಪಾ ಅಂದರೆ "ಸೊನ್ನೆ ಬಿಂದು ಏಳು ಲೋಟ" ಎನ್ನುತ್ತಾನೆ. ಹಿಂದಿನ ಕೋಣೆ ನನ್ನದು. ಅಂಗಳಕ್ಕೆ ಕಿಟಕಿ, ಮರದ ಹಲಗೆಯ ನೆಲ, ಮಹಾರಾಣಿಯ ಠೀವಿ. ಪ್ರತಿ ಥರ್ಮಾಮೀಟರನ್ನೂ ನೀರಿನಲ್ಲಿಟ್ಟು ನೋಡಿ, ಅದು ಎಷ್ಟು ತಪ್ಪು ತೋರಿಸುತ್ತದೆ ಎಂದು ತಿದ್ದುಪಡಿ ಚೀಟಿ ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಎಲ್ಲವೂ ಕೈಬರಹ.

ಆ ಅಧಿಕಾರಿಣಿ ಕೇಳಿದರು, "ಇಲ್ಲಿನ ಗಾಳಿ ಯಾವತ್ತಾದ್ರೂ ಅಳೆಸಿದ್ದೀರಾ?"

"ಗಾಳೀನಾ?" ಎಂದರು ಯಜಮಾನರು. "ಗಾಳಿ ಅಳೆಯೋಕೆ ಬರುತ್ತಾ?"

"ಯಾಕೆ ಬರಲ್ಲ?" ಎಂದ ಊದುಗೊಳವೆ. "ದಿನಾ ಊದೋನು ನಾನು. ಲೀಟರ್ ಲೆಕ್ಕದಲ್ಲಿ ಹೇಳ್ಲಾ ಮೇಡಂ?"

ಆಕೆಗೆ ನಗು ಬರಲಿಲ್ಲ. ಪಾದರಸದ ಆವಿ ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ, ಮೂರು ತಿಂಗಳೊಳಗೆ ಅಳೆಸಿ ವರದಿ ಕೊಡಿ ಎಂದು ಬರೆದುಕೊಟ್ಟು ಹೋದರು. ನನ್ನ ತಮ್ಮ ಅದೇ ಕೆಲಸ ಮಾಡುತ್ತಾನೆ ಎಂದು ನಾನು ಹೇಳಿದ್ದೇ ತಡ, ಇಲ್ಲಿ ನಿನಗೆ ಒಳ್ಳೆಯ ಹೆಸರು ಬಂದಿದೆ. ಕೆಡಿಸಿಕೊಳ್ಳಬೇಡ.

ಯಜಮಾನರ ಅಳಿಯ ಮತ್ತೆ ಬಂದಿದ್ದ. ಚೀಟಿಗಳಿಗೆ ಒಂದು ಅಚ್ಚಿನ ಯಂತ್ರ ತರೋಣ ಎಂಬ ಅದೇ ರಾಗ. ಯಜಮಾನರು, "ಅಕ್ಕನ ಕೈ ಗಟ್ಟಿ ಇರೋವರೆಗೂ ಯಂತ್ರ ಯಾಕಪ್ಪ?" ಎಂದರು. ನಾನು ಎರಡೂ ಕೈಗಳನ್ನು ಮೇಜಿನ ಕೆಳಗೆ, ಹೀಟರಿನ ಮೇಲೆ ಹಿಡಿದುಕೊಂಡು ಜೋರಾಗಿ ನಕ್ಕೆ.

ಅಕ್ಷರ ಸ್ವಲ್ಪ ಕುಣಿದಿದ್ದರೆ ಹೊಸ ಪೆನ್ನನ್ನು ಬೈ.

ಅಕ್ಕ


ಜನವರಿ 17

ಅಕ್ಕನಿಗೆ,

ಬೈಗುಳ ತಲುಪಿತು. ಆಮೇಲೆ ಎಂದಿದ್ದ ಕ್ಷೇಮ ಸಮಾಚಾರ ಕಾಗದದಲ್ಲಿ ಇರಲಿಲ್ಲ. ಮರೆತಿದ್ದೀಯ.

ಪೆಟ್ಟಿಗೆಯಲ್ಲಿ ಎಂಟು ಬಿಲ್ಲೆಗಳಿವೆ. ಕೋಟಿನ ದೊಡ್ಡ ಗುಂಡಿಯಷ್ಟು ಗಾತ್ರ. ಒಳಗಿರುವ ಪುಡಿ ಪಾದರಸದ ಆವಿಯನ್ನು ಹೀರಿಕೊಳ್ಳುತ್ತದೆ. ಎಷ್ಟು ಹೀರಿದೆ ಎಂದು ಇಲ್ಲಿ ನೋಡುತ್ತೇವೆ. ಐದು ಬಿಲ್ಲೆಗಳು ಐವರ ಕಾಲರಿಗೆ. ಆರನೆಯದು ತುಂಬುವ ಕೋಣೆಯ ಗೋಡೆಗೆ. ಏಳನೆಯದನ್ನು ಕಾರ್ಖಾನೆಯಲ್ಲೇ ಅತ್ಯಂತ ಶುದ್ಧವಾದ ಜಾಗದಲ್ಲಿ ಇಡು, ಹೋಲಿಕೆಗೆ ಬೇಕು. ಎಂಟನೆಯದರ ಮುಚ್ಚಳ ತೆಗೆಯಬಾರದು. ಉಳಿದವನ್ನು ಬೆಳಿಗ್ಗೆ ಎಂಟಕ್ಕೆ ತೆರೆದು ಸಂಜೆ ನಾಲ್ಕಕ್ಕೆ ಮುಚ್ಚಿ, ಯಾವುದು ಯಾರದೆಂದು ಚೀಟಿ ಅಂಟಿಸಿ ಕಳಿಸು. ಬಿಲ್ಲೆಯ ಮುಂದೆ ಉಸಿರು ಬಿಡಬಾರದು.

ಇಪ್ಪತ್ತು ಎಂಬ ಅಂಕಿಯನ್ನು ನೆನಪಿಟ್ಟುಕೋ. ಒಂದು ಘನ ಮೀಟರ್ ಗಾಳಿಯಲ್ಲಿ ಇಪ್ಪತ್ತು ಮೈಕ್ರೋಗ್ರಾಂ ಪಾದರಸ, ಅದು ಮಿತಿ. ಅದಕ್ಕಿಂತ ಕಡಿಮೆ ಬಂದರೆ ನಿಮ್ಮ ಅಧಿಕಾರಿಣಿ ನಗಬಹುದು.

ನಿನ್ನ ಅಕ್ಷರ ಕುಣಿದಿರುವುದು ನಿಜ. ಬಸ್ಸಿನಲ್ಲಿ ಕೂತು ಬರೆಯುವುದನ್ನು ಬಿಡು. ಬೇರೆ ಪೆನ್ನು ಪೆಟ್ಟಿಗೆಯಲ್ಲಿದೆ.

ತಮ್ಮ

ಇಲ್ಲಿ ಇಂದು ಬೆಳಿಗ್ಗೆ ಆರು ಡಿಗ್ರಿ.


ಜನವರಿ 27

ತಮ್ಮನಿಗೆ,

ಬೆರಳಿಗೆ ಗಾಜಿನ ಚೂರು ಹೊಕ್ಕಿದೆ. ಆದ್ದರಿಂದ ನಾನು ಹೇಳುತ್ತಿದ್ದೇನೆ, ದಶಮಾಂಶ ಬರೆಯುತ್ತಿದ್ದಾನೆ. (ಯಾವ ಬೆರಳು ಎಂದು ಕೇಳಿದೆ. ಉತ್ತರ ಬರಲಿಲ್ಲ. - ಬರೆಯುತ್ತಿರುವವನು.) ಅವನು ಅಲ್ಲಲ್ಲಿ ತನ್ನದೂ ಸೇರಿಸಿದರೆ ಗಮನ ಕೊಡಬೇಡ.

ನಿನ್ನ ಕಾಗದವನ್ನು ಯಜಮಾನರು ಎಲ್ಲರನ್ನೂ ನಿಲ್ಲಿಸಿ ಗಟ್ಟಿಯಾಗಿ ಓದಿದರು. ಸೂಚನೆಗಳ ಕೊನೆಯ ಸಾಲು ಬಂತು. ಬಿಲ್ಲೆಯ ಮುಂದೆ ಉಸಿರು ಬಿಡಬಾರದು.

ಊದುಗೊಳವೆ ಕೈಯಲ್ಲಿದ್ದ ಕೊಳವೆ ಕೆಳಗಿಟ್ಟ. "ಉಸಿರು ಬಿಡದೆ ನಾನು ಗಾಜು ಹೇಗೆ ಊದ್ಲಿ? ಕಿವಿಯಿಂದಾನಾ?"

"ಹಾಗಲ್ಲ ಕಣೋ," ಎಂದರು ಯಜಮಾನರು. "ಈ ವಿಷಯ ಯಾರ ಹತ್ರಾನೂ ಉಸಿರು ಬಿಡಬೇಡ ಅಂತೀವಲ್ಲ, ಹಾಗೆ. ಬಿಲ್ಲೆ ಹಾಕ್ಕೊಂಡಾಗ ಬಾಯಿ ಮುಚ್ಕೊಂಡಿರಿ ಅಂತ."

"ಬಿಲ್ಲೆಗೆ ಕಿವಿ ಇದೆಯಾ ಮತ್ತೆ?" ಎಂದಳು ಬೆಳ್ಳಿ.

ನಾನು ಹೇಳಿದೆ, ನನ್ನ ತಮ್ಮ ಉಸಿರು ಅಂದರೆ ಉಸಿರೇ, ಅವನಿಗೆ ನುಡಿಗಟ್ಟು ಬರುವುದಿಲ್ಲ ಎಂದು. ಯಜಮಾನರು ಕೇಳಲಿಲ್ಲ. "ಒಂದಕ್ಷರ ಹೆಚ್ಚಿಗೆ ಬರೆಯೋರಲ್ಲ ಅವರು. ಬರೆದಿದ್ದಾರೆ ಅಂದ್ರೆ ಏನೋ ಇರ್ಬೇಕು. ಮಾತೂ ಬೇಡ, ಊದೋದೂ ಬೇಡ, ಎರಡಕ್ಕೂ ಆಯ್ತು." ನೀನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆದರೆ ಹೀಗೇ ಆಗುವುದು.

ಹಾಗಾಗಿ ಗುರುವಾರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಐದು ಜನ ತುಟಿ ಪಿಟಕ್ ಎನ್ನಲಿಲ್ಲ. ಊದುಗೊಳವೆ ಉರಿ ಆರಿಸಿ, ಕೈಕಟ್ಟಿ, ಶಿಕ್ಷೆಗೆ ಕೂರಿಸಿದ ಹುಡುಗನ ಹಾಗೆ ಕೂತಿದ್ದ. ಅತ್ಯಂತ ಶುದ್ಧವಾದ ಜಾಗ ಯಾವುದು ಎಂದು ಯಜಮಾನರು ಹುಬ್ಬಿನಲ್ಲೇ ಕೇಳಿದಾಗ ಎಲ್ಲರ ಬೆರಳೂ ಒಟ್ಟಿಗೆ ನನ್ನ ಮೇಜಿನ ಕಡೆ ತಿರುಗಿತು. ನನಗೆ ಹೆಮ್ಮೆಯಾಯಿತು. ಹನ್ನೊಂದಕ್ಕೆ ಒಬ್ಬ ಗಿರಾಕಿ ಬಂದ, ಒಡೆದ ವಾಯುಭಾರ ಮಾಪಕ ಹಿಡಿದುಕೊಂಡು. ನಾಲ್ಕು ಮಾತಾಡಿ ನೋಡಿದ. ನಾವು ತಲೆಯಾಡಿಸಿದೆವು. ಯಜಮಾನರು ಹಲಗೆಯ ಮೇಲೆ "ಸೋಮವಾರ ಬನ್ನಿ" ಎಂದು ಬರೆದರು. ಅವನು ಬಹಳ ಮರುಕದಿಂದ ಬಳಪ ಇಸಿದುಕೊಂಡು ಕೆಳಗೆ "ಸರಿ" ಎಂದು ಬರೆದು, ಕೈಮುಗಿದು ಹೋದ. ಪಾಪ, ಅವನಿಗೆ ಬಾಯಿ ಬರುತ್ತಿತ್ತು!

ನಾಲ್ಕಕ್ಕೆ ಮುಚ್ಚಳ ಹಾಕಿದ ಕೂಡಲೇ ಐದು ಜನ ಒಟ್ಟಿಗೆ ಮಾತಾಡಿದ ಸದ್ದಿಗೆ ಪಕ್ಕದ ಬೀಗದ ಅಂಗಡಿಯವರು ಓಡಿ ಬಂದರು. ಅಷ್ಟು ಮೌನ ನಾನು ಈ ಕಟ್ಟಡದಲ್ಲಿ ಕೇಳಿರಲಿಲ್ಲ, ತಮ್ಮಾ. ಗಾಜಿಗೆ ಗಾಜು ತಾಕಿದರೂ ಮೂರು ಕೋಣೆ ದಾಟಿ ಕೇಳುತ್ತಿತ್ತು. (ಕೇಳುತ್ತಿತ್ತು. - ಬ.)

ಬಿಲ್ಲೆಗಳು ಈ ಕಾಗದದ ಜೊತೆಗಿವೆ.

ಅಕ್ಕ


ಫೆಬ್ರವರಿ 6

ಅಕ್ಕನಿಗೆ,

ಬಿಲ್ಲೆಯ ಪುಡಿಗೆ ತೇವ ಆಗದು. ಆದ್ದರಿಂದ ಮುಚ್ಚಳ ತೆಗೆಯುವಾಗ ಅದರ ಮೇಲೆ ಬಾಯಿಂದ ಗಾಳಿ ಬಿಡಬಾರದು. ನಾನು ಬರೆದದ್ದರ ಅರ್ಥ ಅಷ್ಟೇ. ಇದೇ ಸಾಲಿರುವ ಸೂಚನೆಯ ಹಾಳೆಯನ್ನು ಈವರೆಗೆ ನಲವತ್ತಕ್ಕೂ ಹೆಚ್ಚು ಕಾರ್ಖಾನೆಗಳಿಗೆ ಕಳಿಸಿದ್ದೇನೆ. ಯಾರೂ ಮೌನವ್ರತ ಮಾಡಿರಲಿಲ್ಲ.

ಗಾಜು ಊದದ ದಿನ ನಿಮ್ಮ ಮಾಮೂಲಿ ದಿನವಲ್ಲ. ಅಳತೆ ಮತ್ತೆ ಮಾಡಬೇಕು. ಇನ್ನೊಂದು ತೊಂದರೆಯೂ ಇದೆ. ತುಂಬುವ ಕೋಣೆಯ ಗೋಡೆಯ ಬಿಲ್ಲೆ 9 ತೋರಿಸಿದೆ; ನಿನ್ನ ಮೇಜಿನದು 79. ಬೆಳ್ಳಿ ಎಂಬವರದು 12, ನಿನ್ನದು 66. ಇದು ಸಾಧ್ಯವಿಲ್ಲ. ಪಾದರಸ ಇರುವುದು ಅವರ ಕೋಣೆಯಲ್ಲಿ, ನಿನ್ನ ಕೋಣೆಯಲ್ಲಲ್ಲ. ಮಾತಿಲ್ಲದೆ ಸನ್ನೆಯಲ್ಲಿ ಕೆಲಸ ಮಾಡುವಾಗ ಚೀಟಿಗಳು ಅದಲು ಬದಲಾಗಿವೆ. ಬೆರಳಿನ ಗಾಯದ ಗಡಿಬಿಡಿಯೂ ಸೇರಿರಬಹುದು.

ಹೊಸ ಎಂಟು ಬಿಲ್ಲೆ ಕಳಿಸಿದ್ದೇನೆ. ಮಾತಾಡಿ, ಊದಿ, ಜಗಳವಾಡಿ, ದಿನವೂ ಏನು ಮಾಡುತ್ತೀರೋ ಅದನ್ನೇ ಮಾಡಿ. ಚೀಟಿ ಅಂಟಿಸುವಾಗ ಎರಡು ಸಲ ನೋಡು.

ಬೆರಳಿಗೆ ಮುಲಾಮು ಇಟ್ಟಿದ್ದೇನೆ. ದಿನಕ್ಕೆ ಎರಡು ಸಲ.

ತಮ್ಮ


ಫೆಬ್ರವರಿ 15

ತಮ್ಮನಿಗೆ,

ಇದನ್ನೂ ದಶಮಾಂಶನೇ ಬರೆಯುತ್ತಿದ್ದಾನೆ. ಸಿಟ್ಟು ಮಾತ್ರ ನನ್ನದು.

ಇಪ್ಪತ್ತಾರು ವರ್ಷ. ದಿನಕ್ಕೆ ಮೂವತ್ತು ಚೀಟಿ. ದಶಮಾಂಶ ಗುಣಿಸಿ ಹೇಳುತ್ತೇನೆ ಎನ್ನುತ್ತಾನೆ, ಬೇಡ ಎಂದಿದ್ದೇನೆ. ಒಂದೇ ಒಂದು ಚೀಟಿ ತಪ್ಪು ಥರ್ಮಾಮೀಟರಿಗೆ ಹೋಗಿಲ್ಲ. ಚಿಕ್ಕಂದಿನಲ್ಲಿ ನಿನ್ನ ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿದವಳೂ ನಾನಲ್ಲ. ನೀನೇ ಹಾಕಿಕೊಂಡು ಶಾಲೆಗೆ ಹೋಗಿದ್ದು. ನಾನು ಅದಲು ಬದಲು ಮಾಡುವವಳಾ?

ನಿನ್ನ ಕಾಗದ ಓದಿದ ಮೇಲೆ ಇಲ್ಲಿ ಎಲ್ಲರೂ ಕುಂಬಳಕಾಯಿ ಕಳ್ಳರ ಹಾಗೆ ಹೆಗಲು ಮುಟ್ಟಿ ನೋಡಿಕೊಂಡರು. "ನಾನು ಅಂಟಿಸೋವಾಗ ಸರಿಯಾಗೇ ಇತ್ತು ಅಕ್ಕಾ," ಎಂದು ಬೆಳ್ಳಿ ಅಳುವುದೊಂದು ಬಾಕಿ. ಈ ಸಲ ನಾನು ಹೇಳಿದೆ, ದಶಮಾಂಶ ಬರೆದ, ಬೆಳ್ಳಿ ಅಂಟಿಸಿದಳು, ಯಜಮಾನರು ಕನ್ನಡಕ ಹಾಕಿಕೊಂಡು ಪರೀಕ್ಷೆಯ ಕೊಠಡಿಯ ಮೇಷ್ಟರ ಹಾಗೆ ಸುತ್ತ ತಿರುಗಿದರು. ನೀನು ಅಪ್ಪಣೆ ಕೊಟ್ಟಂತೆ ಜಗಳವನ್ನೂ ಆಡಿದೆವು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಊದುಗೊಳವೆಯೂ ದಶಮಾಂಶನೂ ಹತ್ತು ನಿಮಿಷ ಕಿತ್ತಾಡಿದರು. (ಹನ್ನೆರಡು ನಿಮಿಷ. ಮುಚ್ಚಬೇಕು ಎಂದದ್ದು ನಾನು. ಸರಿ ಇದ್ದದ್ದೂ ನಾನು. - ಬ.)

ಮುಲಾಮು ಒಳ್ಳೆಯದು. ಬೆರಳು ವಾಸಿಯಾಗುತ್ತಿದೆ.

ಅಕ್ಕ


ಮಾರ್ಚ್ 5

ತಮ್ಮನಿಗೆ,

ಹದಿನೆಂಟು ದಿನವಾಯಿತು. ಉತ್ತರವಿಲ್ಲ. ಬೂಟಿನ ವಿಷಯ ಎತ್ತಿದ್ದಕ್ಕೆ ಕೋಪವೇ? ಹಾಗಿದ್ದರೆ ಮಾತು ವಾಪಸು ತೆಗೆದುಕೊಂಡೆ. ಬೂಟು ಸರಿಯಾಗೇ ಇತ್ತು, ಕಾಲೇ ತಪ್ಪಾಗಿತ್ತು. ಫೋನ್ ಮಾಡಿದರೆ ಊರಲ್ಲಿಲ್ಲ ಎಂದು ಯಾರೋ ಹೇಳಿದರು. ವರದಿಗೆ ಇನ್ನು ಒಂದು ತಿಂಗಳಷ್ಟೇ ಉಳಿದಿದೆ. ಎರಡು ಸಾಲು ಬರೆ.

ಅಕ್ಕ

ಬರೆಯುತ್ತಿರುವವನ ಒಂದು ಮಾತು. ನಿಮ್ಮ ಅಕ್ಕ ಟೀ ತರಲು ಹೋಗಿದ್ದಾರೆ. ಬರಲು ನಾಲ್ಕು ನಿಮಿಷ. ಅವರ ಬೆರಳಿಗೆ ಯಾವ ಚೂರೂ ಹೊಕ್ಕಿಲ್ಲ. ಕೈ ನಡುಗುತ್ತದೆ, ಎರಡೂ. ನಾವು ಮಾತಾಡದೆ ಕೂತಿದ್ದ ದಿನ ನನಗೆ ಗೊತ್ತಾಯಿತು. ಅವರು ಥರ್ಮಾಮೀಟರುಗಳನ್ನು ಚೌಕಟ್ಟಿಗೆ ಇಡುವಾಗ ಗಾಜು ಕಿಣಿಕಿಣಿ ಎನ್ನುತ್ತಿತ್ತು. ಬೇರೆ ದಿನ ನಮ್ಮ ಗಲಾಟೆಯಲ್ಲಿ ಅದು ಕೇಳಿಸುವುದೇ ಇಲ್ಲ. ಚೀಟಿಗಳನ್ನು ಈಗ ನಾನೇ ಬರೆದುಕೊಡುತ್ತಿದ್ದೇನೆ, ಯಜಮಾನರಿಗೆ ತಿಳಿಯದ ಹಾಗೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಹೇಳಿಲ್ಲ, ಬರೆದಿದ್ದೇನೆ. ಬಂದರು.


ಮಾರ್ಚ್ 11

ಅಕ್ಕನಿಗೆ,

ನಿನ್ನೆ ಯಜಮಾನರಿಗೆ ಫೋನ್ ಮಾಡಿ ನಿನ್ನ ಕೋಣೆಗೆ ಬೀಗ ಹಾಕಲು ಹೇಳಿದೆ. ನೀನು ಆ ಕೋಣೆಗೆ ಮತ್ತೆ ಹೋಗಿಲ್ಲ ಎಂದು ನಂಬಿದ್ದೇನೆ. ಫೋನಿನಲ್ಲಿ ಹೇಳಲಾಗದ್ದು ಉಳಿದಿತ್ತು, ಅದಕ್ಕೆ ಈ ಕಾಗದ.

ನಾನು ಊರಲ್ಲೇ ಇದ್ದೆ. ಎರಡನೆಯ ಪೆಟ್ಟಿಗೆ ಬಂದ ದಿನ ನಮ್ಮ ಪ್ರಯೋಗಾಲಯದ ಮುಖ್ಯಸ್ಥರಾದ ಮೇಡಂ ಬಳಿ ಹೋಗಿ, ಇದರಲ್ಲಿ ಒಬ್ಬರು ನನ್ನ ಅಕ್ಕ ಎಂದು ಹೇಳಿದೆ. "ಮೊದಲನೇ ಸಲಾನೇ ಹೇಳ್ಬೇಕಿತ್ತು ಅಲ್ವಾ?" ಎಂದರು. ಬಿಲ್ಲೆಗಳನ್ನು ನನ್ನಿಂದ ತೆಗೆದುಕೊಂಡು, ಫಲಿತಾಂಶ ಬರುವವರೆಗೆ ನಿನಗೆ ಕಾಗದ, ಫೋನ್ ಎರಡೂ ಬೇಡ ಎಂದರು. ನಾನು ಹಾಗೇ ಮಾಡಿದೆ.

ಫಲಿತಾಂಶ ಮೇಡಂ ತೆಗೆದದ್ದು. ಊದುಗೊಳವೆ 9. ಯಜಮಾನರು 13. ದಶಮಾಂಶ 14. ಬೆಳ್ಳಿ 16. ತುಂಬುವ ಕೋಣೆಯ ಗೋಡೆ 14. ನೀನು 71. ನಿನ್ನ ಮೇಜು 83. ಚೀಟಿಗಳು ಎರಡು ಸಲವೂ ಸರಿಯಾಗಿದ್ದವು. ತಪ್ಪು ನನ್ನದು. ಮೊದಲ ಸಲ ಆ ಅಂಕಿ ನೋಡಿದಾಗ ಅದು ನಿನ್ನದಾಗಿರಬಾರದು ಎಂದು ಅನ್ನಿಸಿತು. ಅನ್ನಿಸಿದ್ದನ್ನು ಕಾರಣವೆಂದು ಬರೆದುಬಿಟ್ಟೆ. ಅಳೆಯುವವನಿಗೆ ಆಸೆ ಇರಬಾರದು.

ನಿನ್ನದೂ ತಪ್ಪಿದೆ. ನಾನು ಶಾಲೆಯಲ್ಲಿದ್ದಾಗ ನೀನು ಹೇಳಿಕೊಟ್ಟ ಮಾತು: ತಪ್ಪು ತೋರಿಸದ ಥರ್ಮಾಮೀಟರ್ ಇಲ್ಲವೇ ಇಲ್ಲ, ಎಷ್ಟು ತಪ್ಪು ಎಂದು ಹೇಳದಿದ್ದರೆ ಮಾತ್ರ ಅದು ಕೆಟ್ಟದ್ದು. ಬೆರಳಿನ ಗಾಜಿನ ಚೂರಿಗೆ ನಾನು ಮುಲಾಮು ಹುಡುಕಲು ಮೂರು ಅಂಗಡಿ ಅಲೆದೆ.

ಹೋದ ವರ್ಷದ ನಿನ್ನ ಹನ್ನೊಂದು ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಕ್ಟೋಬರಿನವರೆಗೆ ಗೆರೆ ಎಳೆದಂತೆ ಬರೆದಿದ್ದೀಯ. ನವೆಂಬರಿನ ಕೊನೆಯ ಕಾಗದದಲ್ಲಿ ಅಕ್ಷರ ಅಲುಗಿದೆ. ಡಿಸೆಂಬರಿನಲ್ಲಿ ಇನ್ನೂ ಹೆಚ್ಚು. ನನ್ನ ಕೈಯಲ್ಲೇ ಇತ್ತು ಎಲ್ಲ. ನಾನು ಬಸ್ಸು ಎಂದುಕೊಂಡೆ.

ಈಗ ಎರಡು ಪ್ರಶ್ನೆ. ಆ ಕೋಣೆ ಮೊದಲು ಏನಾಗಿತ್ತು? ನವೆಂಬರಿನಲ್ಲಿ ಅಲ್ಲಿಗೆ ಹೊಸದಾಗಿ ಏನು ಬಂತು?

ಯಾರೂ ಕಸ ಗುಡಿಸಬಾರದು, ಹರಡುತ್ತದೆ. ವೈದ್ಯರ ಬಳಿ ಹೋಗಿ ಮೂತ್ರ ಪರೀಕ್ಷೆ ಮಾಡಿಸು. ಕೆಲಸದ ಜಾಗವನ್ನೂ ಅಂಕಿಯನ್ನೂ ಅವರಿಗೆ ತೋರಿಸು. ನಾಚಿಕೊಳ್ಳಬೇಡ.

ತಮ್ಮ


ಮಾರ್ಚ್ 22

ತಮ್ಮನಿಗೆ,

ಕೂತು ಓದು. ನಿನ್ನ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಸಿಕ್ಕಿತು, ನನ್ನ ಕಾಲ ಕೆಳಗೆ. (ಬರೆಯುತ್ತಿರುವವನಿಗೆ ಕ್ಷಮೆ ಸಿಕ್ಕಿದೆ. ಮೂರು ದಿನ ಟೀ ಸಿಕ್ಕಿರಲಿಲ್ಲ. - ಬ.)

ನವೆಂಬರಿನಲ್ಲಿ ನನ್ನ ಕೆಲಸಕ್ಕೆ ಇಪ್ಪತ್ತಾರು ತುಂಬಿತೆಂದು ನಾಲ್ಕೂ ಜನ ಸೇರಿ ಒಂದು ಹೀಟರ್ ತಂದುಕೊಟ್ಟರು. ಚಳಿಗೆ ಅಕ್ಕನ ಕಾಲು ಮರಗಟ್ಟುತ್ತದೆ ಎಂದು ಮೇಜಿನ ಕೆಳಗೆ, ಹಲಗೆಯ ನೆಲದ ಮೇಲೆ ಇಟ್ಟರು. ನೀನು ಕೇಳಿದ್ದನ್ನು ಓದಿ ಹೇಳಿದಾಗ ಯಜಮಾನರಿಗೆ ಹಳೆಯದು ನೆನಪಾಯಿತು. ಅವರಪ್ಪನ ಕಾಲದಲ್ಲಿ ಪಾದರಸ ತುಂಬುತ್ತಿದ್ದದ್ದು ಆ ಹಿಂದಿನ ಕೋಣೆಯಲ್ಲೇ. ನಡುವಿನ ಕೋಣೆ ಕಟ್ಟಿದ್ದು ಆಮೇಲೆ. ಚೆಲ್ಲಿದ್ದೆಲ್ಲ ಹಲಗೆಯ ಸಂದಿಗೆ ಇಳಿದು, ತಣ್ಣಗೆ, ಇಷ್ಟು ವರ್ಷ ತನ್ನ ಪಾಡಿಗೆ ಮಲಗಿತ್ತು. ನಾವು ಬೆಚ್ಚಗೆ ಮಾಡಿ ಎಬ್ಬಿಸಿದೆವು.

ನೀನು ಹೇಳಿದ ಕಡೆಯಿಂದ ಮುಖವಾಡ ಹಾಕಿಕೊಂಡ ಮೂವರು ಬಂದು ಹಲಗೆ ಎತ್ತಿದರು. ನಾವು ಅಂಗಳದ ಆಚೆ ನಿಂತಿದ್ದೆವು. ಬೆಳ್ಳಿ ಮಾತ್ರ ತಡೆಯಲಾರದೆ ಕಿಟಕಿಯ ಗಾಜಿನಿಂದ ಇಣುಕಿದಳು. "ಅಕ್ಕಾ, ಸಾಸಿವೆ ಚೆಲ್ಲಿದ ಹಾಗಿದೆ! ಹೊಳೀತಿದೆ!"

ಯಜಮಾನರು ನನ್ನ ಕಡೆ ನೋಡದೆ, "ನಿಮ್ಮ ಕಾಲು ಬೆಚ್ಚಗಿರ್ಲಿ ಅಂತ ತಂದಿದ್ದು ಕಣಮ್ಮ," ಎಂದರು.

ಆಗ ಊದುಗೊಳವೆ ಮೆಲ್ಲಗೆ, "ಪಾದಕ್ಕೆ ಬಿಸಿ ಕೊಟ್ರೆ ರಸ ಬರದೆ ಇನ್ನೇನ್ ಬರುತ್ತೆ? ಹೆಸರಲ್ಲೇ ಬರೆದಿದ್ದಾರಲ್ಲ, ನಾವು ಓದ್ಲಿಲ್ಲ," ಎಂದ. ಹೇಳಿದವನೇ ಹೆದರಿ ನನ್ನ ಮುಖ ನೋಡಿದ. ನನಗೆ ನಗು ಬಂತು. ಒಂದು ಸಲ ಬಂದದ್ದು ನಿಲ್ಲಲೇ ಇಲ್ಲ. ಮುಖವಾಡದವರು ಕೆಲಸ ನಿಲ್ಲಿಸಿ ಹೊರಗೆ ಬಂದು, ಏನಾಯಿತೆಂದು ಕೇಳಿದರು. ಯಜಮಾನರೂ ನಕ್ಕರು, ಕಣ್ಣು ಒರೆಸಿಕೊಂಡು.

ಇನ್ನು ನನ್ನ ವಿಷಯ. ಡಿಸೆಂಬರಿನಿಂದ ಚಮಚ ಲೋಟಕ್ಕೆ ತಾಕಿ ಸದ್ದು ಮಾಡುತ್ತಿತ್ತು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ನಿದ್ದೆ ಕಡಿಮೆ, ಸಿಡಿಮಿಡಿ ಜಾಸ್ತಿ. ವಯಸ್ಸು ಎಂದುಕೊಂಡೆ. ವಯಸ್ಸು ಎಂದು ಯಜಮಾನರಿಗೆ ಹೇಳಿದರೆ ಯಂತ್ರ ಬರುತ್ತದೆ. ನಿನಗೆ ಹೇಳಿದರೆ ವರದಿಗೆ ಹೋಗುತ್ತದೆ. ಆ ಮೌನದ ದಿನ, ಒಂದು ವೇಳೆ ಇದು ವಯಸ್ಸಲ್ಲದಿದ್ದರೆ ಎಂಬ ಭಯಕ್ಕೆ, ಮೇಜಿನ ಬಿಲ್ಲೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತ್ತು, ತಮ್ಮಾ. ನೋಡುವವರು ಯಾರೂ ಇರಲಿಲ್ಲ. ಮುಚ್ಚಲಿಲ್ಲ. ನೀನು ಅಲ್ಲಿ ಕೂತು ಅಂಕಿ ಬರೆಯುವುದು ನೆನಪಾಯಿತು.

ವೈದ್ಯರು ಮೂತ್ರ ತೆಗೆದುಕೊಂಡರು. ಪಾದರಸ 88 ಇದೆಯಂತೆ, ಬಹಳ ಜಾಸ್ತಿ. ಆ ಗಾಳಿಯಿಂದ ದೂರವಿದ್ದರೆ ತಾನೇ ಇಳಿಯುತ್ತದೆ, ಕೈನಡುಕ ಕೂಡ ನಿಧಾನಕ್ಕೆ ನಿಲ್ಲುತ್ತದೆ, ಆದರೆ ಎಷ್ಟು ನಿಲ್ಲುತ್ತದೆ ಎಂದು ಈಗಲೇ ಹೇಳಲಾರೆ ಎಂದರು. ಚೀಟಿಗಳನ್ನು ಈಗ ದಶಮಾಂಶ ಬಹಿರಂಗವಾಗಿ ಬರೆಯುತ್ತಾನೆ. "ಕೈ ಸರಿಹೋಗೋವರೆಗೂ ಅವನು ಬರೀಲಿ," ಎಂದರು ಯಜಮಾನರು. "ಸರಿಹೋಗ್ದಿದ್ರೆ?" ಎಂದೆ. ಸುಳ್ಳು ಹೇಳುವ ಮನುಷ್ಯರಲ್ಲ. "ಆಗ ನೋಡೋಣಮ್ಮ," ಎಂದರು.

ಅಕ್ಕ


ಏಪ್ರಿಲ್ 3

ಅಕ್ಕನಿಗೆ,

ವರದಿ ನಿಮ್ಮ ಅಧಿಕಾರಿಣಿಗೆ ತಲುಪಿದೆ. ತುಂಬುವ ಕೋಣೆ ಎಂದಿನಂತೆ ನಡೆಯಬಹುದು. ಹಿಂದಿನ ಕೋಣೆಗೆ ಹೊಸ ನೆಲ ಹಾಕಿ, ಮತ್ತೆ ಅಳೆದ ಮೇಲೆಯೇ ಬಾಗಿಲು ತೆರೆಯಬೇಕು. ಪ್ರತಿ ತಿಂಗಳ ಬಿಲ್ಲೆಗಳ ಜವಾಬ್ದಾರಿ ನಿನ್ನ ಹೆಸರಿಗೆ ಬರೆದಿದ್ದೇನೆ. ಮೇಡಂ ಒಪ್ಪಿದರು. ಎರಡು ಸಲವೂ ಚೀಟಿ ತಪ್ಪದ ಕಾರ್ಖಾನೆ ಅಪರೂಪ ಎಂದರು.

ನಿಮ್ಮ ಮೌನದ ದಿನದ ಕಥೆಯನ್ನು ಅವರಿಗೆ ಹೇಳಿದೆ. ಗಾಜು ಊದುವವರು ಕೈಕಟ್ಟಿ ಕೂತದ್ದು ಕೇಳಿ ನಕ್ಕು ಕೆಮ್ಮಿದರು. ಆಮೇಲೆ ಸೂಚನೆಯ ಹಾಳೆ ಬದಲಿಸಿ ಎಂದರು. ಆ ಸಾಲನ್ನು ನೀವು ಐವರೇ ತಿದ್ದಿಕೊಡಿ. ನಿಮಗೆ ಅರ್ಥವಾದರೆ ಎಲ್ಲರಿಗೂ ಆಗುತ್ತದೆ. ಇದು ತಮಾಷೆ. ಗೊತ್ತಾಗದಿದ್ದರೆ ಎಂದು ಹೇಳುತ್ತಿದ್ದೇನೆ.

ಅಕ್ಷರ ಹೇಗಿದ್ದರೂ ಇನ್ನು ಮೇಲೆ ನೀನೇ ಬರೆ. ದಶಮಾಂಶ ಅವರಿಗೆ ನನ್ನ ವಂದನೆ ತಿಳಿಸು. ಅವರು ಮಾತು ಮುರಿಯದಿದ್ದರೆ ನಾನು ಇನ್ನೂ ಮುಲಾಮು ಕಳಿಸುತ್ತಿದ್ದೆ.

ತಮ್ಮ


ಜೂನ್ 14

ತಮ್ಮನಿಗೆ,

ನಾನೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಒಂದು ಪುಟ, ಊಟದ ಮೇಲೆ ಇನ್ನೊಂದು. ಮೊನ್ನೆಯ ಮೂತ್ರ ಪರೀಕ್ಷೆಯಲ್ಲಿ 88 ಇದ್ದದ್ದು 37ಕ್ಕೆ ಇಳಿದಿದೆ. ಹೊಸ ನೆಲದ ಮೇಲೆ ನನ್ನ ಮೇಜಿನ ಬಿಲ್ಲೆ 4 ಎಂದು ನಿನ್ನ ಮೇಡಂ ಬರೆದಿದ್ದಾರೆ. ಸೂಜಿಗೆ ದಾರ ಮೂರನೇ ಸಲಕ್ಕೆ ಹೋಗುತ್ತದೆ. ನಿಮ್ಮ ಹಾಳೆಗೆ ಐವರೂ ಸೇರಿ ತಿದ್ದಿದ ಸಾಲು ಇದು: "ಮುಚ್ಚಳ ತೆಗೆಯುವಾಗ ಬಿಲ್ಲೆಯ ಮೇಲೆ ಊದಬೇಡಿ. ಮಾತು, ಜಗಳ, ಗಾಜು ಊದುವುದು ಧಾರಾಳವಾಗಿ ನಡೆಯಲಿ." ಕೊನೆಯ ಭಾಗ ಯಾರದೆಂದು ಹೇಳಬೇಕಿಲ್ಲ.

ಹೋದ ವಾರ ಒಂದು ಕಾಗದ ಬಂತು, ಚೀಟಿ ಬರೆಯುವವರಿಗೆ ಎಂಬ ವಿಳಾಸಕ್ಕೆ. ದೂರದ ಒಂದು ಹಾಲಿನ ಡೈರಿಯಲ್ಲಿ ಪರೀಕ್ಷೆ ಮಾಡುವವರಂತೆ. ಹದಿನೆಂಟು ವರ್ಷದಿಂದ ನಮ್ಮ ಥರ್ಮಾಮೀಟರ್ ಬಳಸುತ್ತಾರೆ. ನಾನು ಅವರನ್ನು ನೋಡಿಲ್ಲ. ಅವರು ಬರೆದದ್ದು: "ಈಚೆಗೆ ಬರುತ್ತಿರುವ ಚೀಟಿಗಳಲ್ಲಿ ಅಂಕಿಗಳು ಸರಿಯಾಗಿವೆ, ದೂರೇನೂ ಇಲ್ಲ. ಆದರೆ ಮೊದಲು ಬರೆಯುತ್ತಿದ್ದವರು ಒಂಬತ್ತರ ಬಾಲವನ್ನು ಎಡಕ್ಕೆ ಉದ್ದವಾಗಿ ಎಳೆಯುತ್ತಿದ್ದರು. ಚಳಿಗಾಲದಲ್ಲಿ ಆ ಬಾಲ ನಡುಗತೊಡಗಿತು. ಕೇಳುವುದೋ ಬೇಡವೋ ಎಂದು ಸುಮ್ಮನಿದ್ದೆ. ಈಗ ಬಾಲವೇ ಇಲ್ಲ. ಅವರು ಹುಷಾರಾಗಿದ್ದಾರೆಯೇ?"

ಗಾಳಿ ಅಳೆಯುವ ತಮ್ಮನಿಗಿಂತ ಹಾಲು ಅಳೆಯುವವರು ಚುರುಕು. ಬೇಜಾರು ಮಾಡಿಕೊಳ್ಳಬೇಡ.

ದಶಮಾಂಶ ಕಾಗದವನ್ನು ಎರಡು ಸಲ ಓದಿ, "ನನ್ನ ಒಂಬತ್ತಿಗೆ ಏನಾಗಿದೆಯಂತೆ?" ಎಂದು ಮುಖ ಊದಿಸಿಕೊಂಡ. ಯಜಮಾನರು ಅದನ್ನು ಒಳಗೆ ತೆಗೆದುಕೊಂಡು ಹೋದರು. ಶನಿವಾರ ಅಳಿಯ ಯಂತ್ರದ ಚಿತ್ರಗಳಿರುವ ಪುಸ್ತಕ ಹಿಡಿದು ಬಂದಾಗ ಆ ಕಾಗದವನ್ನೇ ಅವನ ಮುಂದಿಟ್ಟರು. "ಓದು. ನಿನ್ನ ಯಂತ್ರಕ್ಕೆ ಯಾರಾದ್ರೂ ಹುಷಾರಾಗಿದ್ದೀಯಾ ಅಂತ ಕಾಗದ ಬರೀತಾರಾ?" ಅಳಿಯ ಓದಿದ, ಟೀ ಕುಡಿದ, ಪುಸ್ತಕ ಮಡಚಿದ. ಸೋಮವಾರದಿಂದ ದಿನಕ್ಕೆ ಆರು ಚೀಟಿ ನನ್ನವು. ಉಳಿದದ್ದು ದಶಮಾಂಶನದು. ಆರು ಮುಗಿಯುವ ಹೊತ್ತಿಗೆ ಕೈ ದಣಿಯುತ್ತದೆ. ದಣಿದಿದೆ ಎಂದು ಹೇಳಿ ಪೆನ್ನು ಕೆಳಗಿಡುತ್ತೇನೆ.

ಆ ಡೈರಿಯವರಿಗೆ ಉತ್ತರ ಬರೆಯಲು ಐದು ಹಾಳೆ ಹಿಡಿಯಿತು. ಐದನೆಯದು ಚೆನ್ನಾಗಿ ಬಂದಿತ್ತು, ಮೊದಲನೆಯದನ್ನು ಕಳಿಸಿದೆ. ಹುಷಾರಾಗಿದ್ದೇನೆ ಎಂದು ಬರೆದಿಲ್ಲ, ಹುಷಾರಾಗುತ್ತಿದ್ದೇನೆ ಎಂದು ಬರೆದಿದ್ದೇನೆ. ಕೆಳಗೆ ಹೆಸರು ಹಾಕಲು ಹೊರಟೆ. ಹೆಸರು ಬರೆದರೆ ಅವರಿಗೆ ಯಾರೆಂದು ಹೇಗೆ ಗೊತ್ತಾಗಬೇಕು? ಒಂದು ಒಂಬತ್ತು ಬರೆದು, ಬಾಲವನ್ನು ಎಡಕ್ಕೆ ಎಳೆದೆ, ಹಾಳೆಯ ಅಂಚಿನವರೆಗೆ.

ಅಕ್ಕ